ದುಃಖದ ಎರಡು ಚುಕ್ಕಿ

ಹೊಳಿಯಪ್ಪ ಇಪ್ಪತ್ತೆರಡು ವರ್ಷ ಬೇರೆಯವರ ನಾಟಕಕ್ಕೆ ಪಾತ್ರ ಬರೆದುಕೊಟ್ಟ ಮನುಷ್ಯ. ಪಾತ್ರ ಬರೆಯುವುದೆಂದರೆ ನಾಟಕ ಬರೆಯುವುದಲ್ಲ. ಅಚ್ಚಾದ ಪುಸ್ತಕ ಮುಂದಿಟ್ಟುಕೊಂಡು ಒಬ್ಬೊಬ್ಬ ನಟನ ಮಾತನ್ನೂ ಬೇರೆ ಬೇರೆ ನೋಟುಬುಕ್ಕಿಗೆ ಇಳಿಸುವುದು. ಎದುರಿನವನು ಆಡಿ ಮುಗಿಸುವ ಕೊನೆಯ ಎರಡು ಶಬ್ದ, ಅದರ ಕೆಳಗೆ ಈತನ ಮಾತು. ಇಷ್ಟಿದ್ದರೆ ನಾಟಕ ನಡೆಯುತ್ತದೆ. ಹನುಮಸಾಗರದ ಸುತ್ತಿನ ಹಳ್ಳಿಗಳಲ್ಲಿ ದುಂಡು ಅಕ್ಷರ ಅಂದರೆ ಹೊಳಿಯಪ್ಪ, ಕಾಗುಣಿತ ತಪ್ಪದವನು ಅಂದರೆ ಹೊಳಿಯಪ್ಪ. ತಾಲೀಮಿನಲ್ಲಿ ಮಾತು ಕಲಿಸುವ ಮಾಸ್ತರ ಅಂದರೂ ಅವನೇ, ಮೂಗಿನ ತುದಿಯ ಸಿಟ್ಟು ಅಂದರೂ ಅವನೇ.

ಅಂಥವನು ನಲವತ್ತೆಂಟನೆಯ ವಯಸ್ಸಿಗೆ ಸ್ವಂತ ನಾಟಕ ಬರೆದ. 'ಪುನಃ ಬಂದ ಸೊಸೆ ಅರ್ಥಾತ್ ಅಂತಃಕರಣದ ಬೆಲೆ'. ಹೆಸರಿನಲ್ಲೇ ಎರಡು ವಿಸರ್ಗ ಬಿದ್ದವೆಂದು ಎರಡು ದಿನ ಅವನಿಗೆ ಊಟ ಹೆಚ್ಚಾಗಿ ಸೇರಿತ್ತು. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತದ್ದರಲ್ಲಿ ಲೆಕ್ಕ ಮರೆತಿದ್ದ, ಭೂಗೋಳ ಮರೆತಿದ್ದ, ವಿಸರ್ಗ ಮಾತ್ರ ಮರೆತಿರಲಿಲ್ಲ. 'ದುಃಖ' ಎಂದು ಬರೆಯುವ ಕಡೆ ಆ ಎರಡು ಸೊನ್ನೆಗಳನ್ನು ಆಚೆ ತಳ್ಳಿ 'ದುಖಃ' ಎಂದು ಬರೆಯುವವರನ್ನು ಕಂಡರೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಸತ್ತವರ ಸುದ್ದಿಯ ಹಾಳೆ ಕೈಗೆ ಬಂದರೆ ಮೊದಲು ಕಾಗುಣಿತ ತಿದ್ದಿ ಆಮೇಲೆ ಅಳುತ್ತಿದ್ದ.

ಆದರೆ ಅವನ ನಾಟಕ ಆಡಿಸಬೇಕಲ್ಲ. ಊರಿನ ನಾಟ್ಯಸಂಘದವರ ಟ್ರಂಕಿನಲ್ಲಿ ಮೂರು ಸಲ ಆಡಿದ ಹಳೆಯ ನಾಟಕವೊಂದರ ಪಾತ್ರಗಳು ತಯಾರಾಗಿ ಕುಳಿತಿದ್ದವು. ಯುಗಾದಿಗೆ ಅದನ್ನೇ ಎಳೆದರಾಯಿತು ಎಂಬುದು ಬಹಳ ಮಂದಿಯ ಮನಸ್ಸು. ಸಂಘದ ಅಧ್ಯಕ್ಷ ಅಂದಪ್ಪ, ಪ್ರತಿ ನಾಟಕದ ನಾಯಕನೂ ಅವನೇ, ಒಂದು ಮಾತು ಹೇಳಿಬಿಟ್ಟಿದ್ದ. ಭಾನುವಾರ ಹಗಲು ಹನ್ನೆರಡಕ್ಕೆ ಶಾಲೆಯ ಪಡಸಾಲೆಗೆ ಒಂಬತ್ತೂ ಪಾತ್ರ ಬಂದರೆ ಹೊಳಿಯಪ್ಪನ ನಾಟಕ. ಬರದಿದ್ದರೆ ಟ್ರಂಕು. ಹಾರ್ಮೋನಿಯಂನವನು ಯಲಬುರ್ಗಾದಿಂದ ಬಸ್ಸಿಗೆ ಬರುತ್ತಾನೆ, ಅವನನ್ನು ಸುಮ್ಮನೆ ಕೂರಿಸಿ ಚಹಾ ಕುಡಿಸುವುದಕ್ಕೆ ಆಗುವುದಿಲ್ಲ.

ಹೊಳಿಯಪ್ಪ ಅದಕ್ಕೆ ನಕ್ಕಿದ್ದ. ಅವನ ಹತ್ತಿರ ಕಂಪ್ಯೂಟರ್ ಇತ್ತು.

ಅದನ್ನು ಕೊಟ್ಟವಳು ಅವನ ಅಕ್ಕನ ಮಗಳು ರೂಪಾ. ಗಂಗಾವತಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದಳು. ಅಲ್ಲಿ ಹೊಸವು ಬಂದಾಗ ಹಳೆಯದೊಂದನ್ನು ಮಾವನಿಗೆ ತಂದು, ಲಿನಕ್ಸ್ ಹಾಕಿ, ಒಂದು ಗುಂಡಿ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್ ಬರುವಂತೆ ಮಾಡಿಕೊಟ್ಟಿದ್ದಳು. ಹೊಳಿಯಪ್ಪ ಆರು ತಿಂಗಳು ಎರಡು ಬೆರಳಿನಿಂದ ಕುಟ್ಟಿ ಇಡೀ ನಾಟಕ ಅದರಲ್ಲಿ ತುಂಬಿದ. ಶುಕ್ರವಾರ ರೂಪಾ ಬಂದವಳು ಮತ್ತೊಂದು ಉಡುಗೊರೆ ಕೊಟ್ಟು ಹೋದಳು. ಕಪ್ಪು ಕಿಟಕಿಯೊಂದನ್ನು ತೆರೆದು ಇಂಗ್ಲಿಷಿನಲ್ಲಿ 'ಪಾತ್ರ' ಎಂದು ಬರೆದು ಎಂಟರ್ ಒತ್ತಿದರೆ ಸಾಕು, ನಾಟಕವನ್ನು ಯಂತ್ರವೇ ಸೀಳಿ ಒಂಬತ್ತು ಜನರ ಮಾತನ್ನು ಬೇರೆ ಬೇರೆ ಮಾಡಿ ಪ್ರಿಂಟರಿಗೆ ಕಳಿಸುತ್ತಿತ್ತು. ಹೊಳಿಯಪ್ಪ ಮೊದಲ ದೃಶ್ಯವನ್ನಷ್ಟೇ ಮೂರು ಸಲ ಮಾಡಿಸಿ ನೋಡಿ ಚಪ್ಪಾಳೆ ಹೊಡೆದಿದ್ದ. ಶನಿವಾರವೆಲ್ಲ ಕುಳಿತು ಸೊಸೆಯ ಅಳುವನ್ನು ಇನ್ನಷ್ಟು ಉದ್ದ ಮಾಡಿದ.

ಭಾನುವಾರ ಒಂಬತ್ತಕ್ಕೆ ಸ್ನಾನ ಮಾಡಿ ವಿಭೂತಿ ಹಚ್ಚಿ, ಯಂತ್ರ ಚಾಲೂ ಮಾಡಿ, ಕಪ್ಪು ಕಿಟಕಿ ತೆರೆದು, ಒಂದೊಂದೇ ಅಕ್ಷರ ಹುಡುಕಿ patra ಎಂದು ಬರೆದು ಎಂಟರ್ ಒತ್ತಿದ. ಕೆಳಗೆ ಒಂದು ಸಾಲು ಬಂತು.

patra: command not found

ಹೊಳಿಯಪ್ಪ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುವವನು. 'ನಾಟ್' ಅವನಿಗೆ ಗೊತ್ತಿತ್ತು. 'ಫೌಂಡ್' ಎಲ್ಲೋ ಕೇಳಿದ ಹಾಗಿತ್ತು. ಪಾತ್ರ ಸಿಗಲಿಲ್ಲ ಎಂದು ಅರ್ಥ ಮಾಡಿಕೊಂಡ. ಅರ್ಥ ಸರಿಯಾಗಿಯೇ ಇತ್ತು. ಮತ್ತೆ ಬರೆದ. ಮತ್ತೆ ಸಿಗಲಿಲ್ಲ. ನಾಲ್ಕನೆಯ ಸಲ ಎಂಟರನ್ನು ಗುದ್ದಿದ.

ಅವನ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಕಂಪ್ಯೂಟರ್ ಇದ್ದದ್ದು ಕೆಳಗಿನ ಕೋಣೆಯಲ್ಲಿ. ಏಣಿ ಹತ್ತಿ ರೂಪಾಳಿಗೆ ಫೋನು ಮಾಡಿದ, ಹೇಳಿದ್ದನ್ನು ಕೇಳಿಕೊಂಡು ಇಳಿದ, ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಮರೆತ, ಮತ್ತೆ ಹತ್ತಿದ. ಮೂರನೆಯ ಸಲಕ್ಕೆ ಮೊಣಕಾಲು ಹಿಡಿಯಿತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಉಡಚಮ್ಮನನ್ನು ಕೂಗಿ ಫೋನು ಕೊಟ್ಟು ಮಾಳಿಗೆಗೆ ಹತ್ತಿಸಿದ. ಕಂಪ್ಯೂಟರಿನ ನೆತ್ತಿಗೆ ಸರಿಯಾಗಿ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಉಡಚಮ್ಮ ಹಿಟ್ಟಿನ ಕೈಯಲ್ಲಿ ಫೋನು ಹಿಡಿದು ಅದರ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಮೇಲಿನಿಂದ ಕೆಳಕ್ಕೆ ಮಾತು ಇಳಿಯತೊಡಗಿತು, ಜೊತೆಗೆ ಸ್ವಲ್ಪ ಮಣ್ಣೂ ಇಳಿಯುತ್ತಿತ್ತು.

ರೂಪಾ ಹೇಳಿದ್ದು ಇಷ್ಟು. ಯಂತ್ರದ ಹತ್ತಿರ ಒಂದು ಪಟ್ಟಿ ಇರುತ್ತದೆ, ಅದಕ್ಕೆ ಪಾಥ್ ಎಂದು ಹೆಸರು. ಯಾವುದಾದರೂ ಹೆಸರು ಕೂಗಿದರೆ ಯಂತ್ರ ಆ ಪಟ್ಟಿಯಲ್ಲಿರುವ ಮನೆಗಳಿಗೆ ಮಾತ್ರ ಹೋಗಿ ಹುಡುಕುತ್ತದೆ. ಅಲ್ಲಿ ಇಲ್ಲದಿದ್ದರೆ ಸಿಗಲಿಲ್ಲ ಎಂದು ಬಂದು ಹೇಳುತ್ತದೆ. ಶುಕ್ರವಾರ ಪಾತ್ರದ ಮನೆಯನ್ನು ಅವಳು ಪಟ್ಟಿಗೆ ಬಾಯಿಮಾತಿನಲ್ಲಿ ಸೇರಿಸಿದ್ದಳು, ಯಂತ್ರ ಬಂದ್ ಮಾಡಿದ ಮೇಲೆ ಅದು ಅಳಿಸಿಹೋಯಿತು.

ಹೊಳಿಯಪ್ಪನಿಗೆ ಇದು ಚೆನ್ನಾಗಿ ತಿಳಿಯಿತು. ಪರದೆ ಏಳುವ ಹೊತ್ತಿಗೆ ನಟನೊಬ್ಬ ಕಾಣೆಯಾದರೆ ಅವನನ್ನು ಹುಡುಕಲು ಹೋದವರು ಚಹಾದಂಗಡಿ, ಪಾನಿನ ಅಂಗಡಿ, ಬಸ್‌ಸ್ಟ್ಯಾಂಡು ನೋಡಿ ಬಂದು ಇಲ್ಲ ಅನ್ನುತ್ತಾರೆ. ಆ ಮಹಾರಾಯ ಪಕ್ಕದ ಓಣಿಯ ಬೀಗರ ಮನೆಯಲ್ಲಿ ಮಲಗಿರುತ್ತಾನೆ.

ಈಗ ಸದ್ಯಕ್ಕೆ ಪಾತ್ರದ ಪೂರ್ತಿ ವಿಳಾಸ ಬರೆದು ಎಂಟರ್ ಒತ್ತಿದರೆ ಕೆಲಸವಾಗುತ್ತದೆ ಎಂದು ರೂಪಾ ಹೇಳಿದಳು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಹೊಳಿಯಪ್ಪನಿಗೆ ಸಿಟ್ಟು ಬಂತು.

"ನನ್ನ ಮನ್ಯಾಗಿನ ಪಾತ್ರ ನಾ ಹೆಸರ ಹಿಡದ ಕರದ್ರ ಬರಬೇಕು. ದಿನಾ ಓಣಿ, ಮನಿ ನಂಬರ ಒದರಕೋತ ಕೂಡ್ಲೇನು?" ಎಂದು ಬೆಳಕಿಂಡಿಗೆ ಮುಖ ಎತ್ತಿ ಕೇಳಿದ.

ಉಡಚಮ್ಮ ಅದನ್ನು ಫೋನಿಗೆ ಹೇಳಿ, ಆ ಕಡೆಯ ಮಾತು ಕೇಳಿ, ಕೆಳಗೆ ಬಗ್ಗಿದಳು. "ಆತು, ಹಂಗಾರ ಕಾಯಮ್ ಮಾಡಿಬಿಡೂನು ಅಂತಾಳ್ರಿ. ಬರಕೋರಿ."

ಪಟ್ಟಿ ಇರುವ ಫೈಲು ತೆರೆಯುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಅದರ ಕೊನೆಗೆ ಒಂದು ಹೊಸ ಸಾಲು ಬರೆಯಬೇಕಿತ್ತು. ಉಡಚಮ್ಮ ಒಂದೊಂದೇ ಅಕ್ಷರ ಇಳಿಸಿದಳು. ಡಾಲರ್ ಅಂದರೆ ಎಸ್ ಅಕ್ಷರಕ್ಕೆ ಕಡ್ಡಿ ಚುಚ್ಚಿದ್ದು ಎಂದು ಬಿಡಿಸಿ ಹೇಳಿದಳು. ಆಮೇಲೆ ಸ್ವಲ್ಪ ತಡೆದು, ಈಗ ಕೋಲು ಹಾಕಬೇಕಂತೆ ಎಂದಳು.

"ಯಾವ ಕೋಲು?"

"ನನಗೇನ ಗೊತ್ತು. ಕೋಲು ಅಂದ್ಲು. ತಡೀರಿ ಕೇಳ್ತೀನಿ." ಅವಳು ಫೋನಿನಲ್ಲಿ ವಿಚಾರಿಸಿ ಮತ್ತೆ ಬಗ್ಗಿದಳು. "ಕೋಲಲ್ಲಂತ್ರಿ, ಕೋಲನ್ ಅಂತ. ಎರಡು ಚುಕ್ಕಿ, ಒಂದರ ಮ್ಯಾಲೊಂದು." ಗಂಡ ಇನ್ನೂ ಕಣ್ಣು ಪಿಳಿಪಿಳಿ ಮಾಡುತ್ತಿದ್ದುದನ್ನು ಕಂಡು ತನ್ನದೊಂದು ಮಾತು ಸೇರಿಸಿದಳು. "ದುಃಖದಾಗ ಬರ್ತಾವಲ್ರಿ, ನಿಮ್ಮ ಸೊಸಿ ಅಳೂ ಮುಂದ. ಅವs."

ಇದಕ್ಕಿಂತ ಸ್ಪಷ್ಟವಾಗಿ ಹೊಳಿಯಪ್ಪನಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಗುಂಡಿ ಒತ್ತಿ ಕನ್ನಡಕ್ಕೆ ಬಂದ, ವಿಸರ್ಗ ಹಾಕಿದ, ಗುಂಡಿ ಒತ್ತಿ ಇಂಗ್ಲಿಷಿಗೆ ಹೋದ. ಮುಂದಿನ ಓರೆ ಗೀಟು, ಮನೆಯ ಹೆಸರು ಎಲ್ಲ ಬರೆದ. ಸಾಲು ಹೀಗೆ ನಿಂತಿತು.

PATH=$PATHಃ/home/holi/bin

ನೋಡಲಿಕ್ಕೆ ಲಕ್ಷಣವಾಗಿತ್ತು. ಉಳಿಸಿದ. ಹೇಳಿದಂತೆ ಕಪ್ಪು ಕಿಟಕಿ ಮುಚ್ಚಿ ಹೊಸದು ತೆರೆದ. ಅಷ್ಟರಲ್ಲಿ ರೂಪಾ ತನಗೆ ಕ್ಲಾಸು ಶುರುವಾಯಿತೆಂದು ಫೋನು ಇಟ್ಟಿದ್ದಳು. ಉಡಚಮ್ಮ ರೊಟ್ಟಿಗೆ ಇಳಿದಳು.

ಪಾತ್ರ ಎಂದು ಬರೆದ. ಸಿಗಲಿಲ್ಲ.

ಯಂತ್ರಕ್ಕೆ ಬುದ್ಧಿ ನೆಟ್ಟಗಿದೆಯೋ ಇಲ್ಲವೋ ನೋಡಲು ಅವನ ಹತ್ತಿರ ಒಂದು ಉಪಾಯವಿತ್ತು. date ಎಂದು ಬರೆದರೆ ಅದು ತಾರೀಖು, ವೇಳೆ ಹೇಳುತ್ತಿತ್ತು. ಮನೆಗೆ ಬಂದವರಿಗೆಲ್ಲ ಇದನ್ನು ಮಾಡಿ ತೋರಿಸುತ್ತಿದ್ದ. ಈಗ ಬರೆದ. ಅದೂ ಸಿಗಲಿಲ್ಲ. ಯಾವ್ಯಾವ ಫೈಲು ಇವೆ ಎಂದು ತೋರಿಸುವ ls ಬರೆದ. ಅದೂ ಇಲ್ಲ. ಮುಂಜಾನೆ ಒಂದು ಸಿಗುತ್ತಿರಲಿಲ್ಲ, ಈಗ ಇದ್ದವರೂ ಊರು ಬಿಟ್ಟಿದ್ದರು.

"ಇವತ್ತಿನ ತಾರೀಖ ಸುದ್ದಾ ಗೊತ್ತಿಲ್ಲ ಇದಕ್ಕ," ಎಂದು ಅಡುಗೆಮನೆಗೆ ಕೇಳುವಂತೆ ಹೇಳಿದ.

"ಕ್ಯಾಲೆಂಡರ್ ನಿಮ್ಮ ಬೆನ್ನ ಹಿಂದs ಐತಿ ನೋಡ್ರಿ," ಎಂದಳು ಉಡಚಮ್ಮ.

ಆಗ ವೆಂಕೋಬ ಬಂದ. ಹಗಲು ಟ್ರ್ಯಾಕ್ಟರ್ ಹೊಡೆಯುವ ಈ ವೆಂಕೋಬ ನಾಟಕದಲ್ಲಿ ಸೀರೆ ಉಡುವವನು, ಅಂದರೆ ಪುನಃ ಬರುವ ಸೊಸೆ. ತನ್ನ ಪಾತ್ರ ಎಲ್ಲರಿಗಿಂತ ಮೊದಲು ಕೈಗೆ ಸಿಗಲಿ ಎಂದು ಹತ್ತೂವರೆಗೇ ಓಡಿ ಬಂದಿದ್ದ. ಹೊಳಿಯಪ್ಪನ ಭುಜದ ಮೇಲಿಂದ ಬಗ್ಗಿ ಪರದೆಯ ತುಂಬ ಒಂದೇ ಸಾಲು ಮತ್ತೆ ಮತ್ತೆ ನಿಂತದ್ದನ್ನು ನೋಡಿದ.

"ಮಾಸ್ತರ್ರ, ಇದು ಮಾತು ಮರತೈತಿ. ಯಾರರ ಪರದೆ ಹಿಂದ ನಿಂತು ಹೇಳಿಕೊಡ್ರಿ," ಎಂದ.

ಹೊಳಿಯಪ್ಪ ಎದ್ದು ನಿಂತದ್ದು ಅವನನ್ನು ಹೊಡೆಯಲಿಕ್ಕೇ. ಆದರೆ ಗೋಡೆಯ ಗಡಿಯಾರ ಕಂಡು ಕೈ ಕೆಳಗಾಯಿತು. ಒಂಬತ್ತು ಪಾತ್ರಗಳನ್ನು ಕೈಯಿಂದ ಇಳಿಸಲು ಒಂದು ವಾರ ಬೇಕು. ಇದ್ದದ್ದು ಒಂದೂವರೆ ತಾಸು. ಅದರಲ್ಲೂ ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಕರೆಂಟು ತೆಗೆಯುತ್ತಿದ್ದರು. ಟ್ರಂಕಿನಲ್ಲಿದ್ದ ಆ ಹಳೆಯ ನಾಟಕದ ಪಾತ್ರಗಳನ್ನು ಬರೆದವನೂ ತಾನೇ ಎಂಬುದು ನೆನಪಾಯಿತು. ತನ್ನ ಅಕ್ಷರವೇ ತನ್ನ ನಾಟಕವನ್ನು ಹೊರಗೆ ದಬ್ಬುವ ಹಾಗಾಗಿತ್ತು.

ಹನ್ನೊಂದೂ ಕಾಲಿಗೆ ರೂಪಾ ಕ್ಲಾಸು ಬಿಟ್ಟು ತಾನೇ ಫೋನು ಮಾಡಿದಳು. ಉಡಚಮ್ಮ ಏಣಿ ಹತ್ತಿದಳು. ಈ ಸಲ ಅಕ್ಕಪಕ್ಕದ ಮಾಳಿಗೆಯವರೂ ಕೆಲಸ ಬಿಟ್ಟು ಕುಳಿತರು. ಪೂರ್ತಿ ವಿಳಾಸವನ್ನೇ ಬರೆಯಿರಿ ಎಂದಳು ರೂಪಾ. ಹೊಳಿಯಪ್ಪ ಸಿಟ್ಟು ನುಂಗಿ ಬರೆದ. ಪಾತ್ರ ಬಂತು. ಬಂದು, grep ಎಂಬುವವನು ಸಿಗಲಿಲ್ಲ ಎಂದು ಹೇಳಿ ಮಲಗಿತು.

"ಪಾತ್ರ ಬಂದೈತಂತ್ರಿ, ಅದರ ಕೈಯಾಳು ಬಂದಿಲ್ಲಂತ," ಎಂದು ಉಡಚಮ್ಮ ಇಳಿಸಿದಳು. "ಒಂದ ಮನಿ ಕೂಡಸ್ರಿ ಅಂದ್ರ ಇದ್ದ ಮನೀನೂ ಕಳದಾರ ಮಾವ, ಏನ ಬರದಾರ ಕೇಳು ಅಂತಾಳ."

ಇದನ್ನು ಹೊಳಿಯಪ್ಪ ತಡೆದುಕೊಳ್ಳುವುದು ಸಾಧ್ಯವಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಒತ್ತು, ಒಂದು ದೀರ್ಘ ತಪ್ಪಿದವನಲ್ಲ, ನಿಮ್ಮವ್ವನ ಲಗ್ನಪತ್ರಿಕೆ ತಿದ್ದಿದವನು ನಾನು, ಬೇಕಾದರೆ ಓದುತ್ತೇನೆ ಕೇಳು ಎಂದು ಕೂಗಿದ. ರೂಪಾ, ಓದ್ರಿ ಎಂದಳು. ಉಡಚಮ್ಮ ನಡುವೆ ಹೇಳಿ ಹೇಳಿ ಸಾಕಾಗಿ, ಮಾಳಿಗೆಯ ಮೇಲೆ ಬೋರಲು ಮಲಗಿ, ಫೋನು ಹಿಡಿದ ಕೈಯನ್ನು ಬೆಳಕಿಂಡಿಯಿಂದ ಮೊಣಕೈತನಕ ಕೆಳಗೆ ಇಳಿಬಿಟ್ಟಳು.

ಹೊಳಿಯಪ್ಪ ಗಂಟಲು ಸರಿಮಾಡಿಕೊಂಡ. ನಟರಿಗೆ ಪ್ರತಿ ಅಕ್ಷರ ನುಡಿದು ತೋರಿಸುವ ತಾಲೀಮಿನ ಧ್ವನಿ ತೆಗೆದ. ಎರಡೂ ಕೈ ಹಿಂದೆ ಕಟ್ಟಿ, ತಲೆ ಎತ್ತಿ, ಒಂದನೆಯ ಅಕ್ಷರದಿಂದ ಓದಿದ. "ಪಿ, ಎ, ಟಿ, ಎಚ್. ಎರಡು ಗೀಟು. ಡಾಲರ್. ಪಿ, ಎ, ಟಿ, ಎಚ್, ಅಹಃ..."

ಉಡಚಮ್ಮನ ಕೈಯೊಳಗಿಂದ ರೂಪಾಳ ಸಣ್ಣ ಧ್ವನಿ ಬಂತು. "ಮಾವಾ, ಎಚ್ ಆದಮ್ಯಾಲೆ ಉಸಿರ ಬಿಟ್ರಲ್ಲ, ಅದೇನ್ರಿ?"

"ಉಸಿರಲ್ಲವ್ವಾ ಅದು. ವಿಸರ್ಗ. ಹೊಟ್ಟಿಯಿಂದ ಬರಬೇಕು."

ಆ ಕಡೆಯಿಂದ ಏನೋ ಬಿದ್ದ ಸದ್ದಾಯಿತು. ರೂಪಾ ಕುರ್ಚಿಯಿಂದ ಎದ್ದಳೋ ಬಿದ್ದಳೋ ತಿಳಿಯಲಿಲ್ಲ, ನಗು ಮಾತ್ರ ಕೇಳಿಸಿತು. ಬೆಳಕಿಂಡಿಯಲ್ಲಿ ತೂಗಾಡುತ್ತಿದ್ದ ಕೈ ಗಡಗಡ ಅಲುಗಿತು, ಏಕೆಂದರೆ ಮೇಲೆ ಉಡಚಮ್ಮನಿಗೂ ಕಾರಣ ತಿಳಿಯದೆ ನಗು ಹತ್ತಿತ್ತು. ಪಕ್ಕದ ಮಾಳಿಗೆಯವರು ನಕ್ಕರು. ವೆಂಕೋಬ ಕದ ಹಿಡಿದುಕೊಂಡು ಸೊಸೆಯ ಧ್ವನಿಯಲ್ಲಿ ನಕ್ಕ.

ರೂಪಾ ಉಸಿರು ತಿರುಗಿಸಿಕೊಂಡು ಬಿಡಿಸಿ ಹೇಳಿದಳು. ಆ ಎರಡು ಚುಕ್ಕಿ ಪಟ್ಟಿಯಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವಿನ ಗೋಡೆ ಇದ್ದ ಹಾಗೆ. ಕನ್ನಡದ ವಿಸರ್ಗ ಗೋಡೆಯಲ್ಲ, ಅಕ್ಷರ. ಹಳೆಯ ಪಟ್ಟಿಯ ಕೊನೆಯ ಮನೆ, ಹೊಸ ಮನೆ, ಎರಡೂ ಆ ವಿಸರ್ಗಕ್ಕೆ ಅಂಟಿಕೊಂಡು ಒಂದೇ ಹೆಸರಾಗಿವೆ. ಅಂಥ ಹೆಸರಿನ ಮನೆ ಊರಿನಲ್ಲೇ ಇಲ್ಲ. ಪಾಪ, ಯಂತ್ರ ಎಲ್ಲಿ ಹುಡುಕಬೇಕು. ತಾರೀಖು ಹೇಳುವವನೂ ಪಾತ್ರದ ಕೈಯಾಳೂ ಆ ಕೊನೆಯ ಮನೆಯವರೇ.

ಹೊಳಿಯಪ್ಪ ಸೋಲಲು ಒಪ್ಪಲಿಲ್ಲ. ಎರಡು ಚುಕ್ಕಿ ಅಂದರೆ ಎರಡು ಚುಕ್ಕಿ, ಇದರಲ್ಲಿ ಇಂಗ್ಲಿಷಿನವು ಬೇರೆ ಕನ್ನಡದವು ಬೇರೆ ಎಂದರೆ ಯಾವ ನ್ಯಾಯ ಎಂದು ಕೇಳಿದ.

"ನಿಮ್ಮವಕ್ಕ ಜೀವ ಐತಿ ಮಾವಾ," ಎಂದಳು ರೂಪಾ. "ಇವು ಒಣ ಚುಕ್ಕಿ. ಇವನ್ನ ಓದಬಾರದು, ದಾಟಿ ಹೋಗಬೇಕು."

ಹೀಗೆ ಹೇಳಿದ ಮೇಲೆ ಅವನು ಮೆತ್ತಗಾದ. ಬೇರೆಯವರು ಬಿಟ್ಟ ವಿಸರ್ಗ ಸೇರಿಸಿ ಗೊತ್ತಿತ್ತೇ ಹೊರತು ಇದ್ದ ವಿಸರ್ಗವನ್ನು ತೆಗೆದು ಅವನಿಗೆ ಅಭ್ಯಾಸವಿರಲಿಲ್ಲ. ಬೆರಳು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ವೆಂಕೋಬ, ಹನ್ನೊಂದೂವರೆ ಆಯಿತು ಮಾಸ್ತರ್ರ ಎಂದ. ಹೊಳಿಯಪ್ಪ ಕಣ್ಣು ಮುಚ್ಚಿ ಅಳಿಸಿದ. ಇಂಗ್ಲಿಷಿನಲ್ಲೇ ಇದ್ದು, ರೂಪಾ ಹೇಳಿದ ಗುಂಡಿ ಒತ್ತಿ ಒಣ ಚುಕ್ಕಿ ಹಾಕಿದ.

PATH=$PATH:/home/holi/bin

ಉಳಿಸಿ, ಹೊಸ ಕಿಟಕಿ ತೆರೆದು, ಮೊದಲು date ಬರೆದ. ಯಂತ್ರ ಏನೂ ಆಗಿಲ್ಲವೆಂಬಂತೆ ಭಾನುವಾರ, ಹನ್ನೊಂದು ಮೂವತ್ತಾರು ಎಂದು ಹೇಳಿತು. ಎಲ್ಲರೂ ಊರಿಗೆ ವಾಪಸು ಬಂದಿದ್ದರು. patra ಬರೆದ. ಎಂಟರ್ ಒತ್ತಿದ.

ಪ್ರಿಂಟರ್ ಒಮ್ಮೆ ನರಳಿ, ಒಂದು ಹಾಳೆ ಎಳೆದುಕೊಂಡು, ಕಟಕಟ ಎಂದು ಶುರು ಮಾಡಿತು. ವೆಂಕೋಬ ಹಾಳೆ ಹಿಡಿಯುವ ಕೆಲಸಕ್ಕೆ ನಿಂತ. ಉಡಚಮ್ಮ ಇಳಿದು ಬಂದು ಸೂಜಿ ದಾರ ಹಿಡಿದು ಒಂದೊಂದು ಪಾತ್ರವನ್ನೂ ಮೂಲೆಗೆ ಹೊಲಿದಳು, ಏಕೆಂದರೆ ಪಿನ್ನು ಹೊಡೆಯುವುದು ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಬಂದಳು, ಮಾವ ಬಂದ, ಗೌಡ ಬಂದ, ಕುಡುಕ ಬಂದ. ಹೊಳಿಯಪ್ಪ ಪ್ರಿಂಟರಿನ ಬೆನ್ನು ಸವರುತ್ತ ಕುಳಿತ. ಒಂಬತ್ತನೆಯ ಪಾತ್ರದ ಕೊನೆಯ ಹಾಳೆ ಅರ್ಧ ಹೊರಗೆ ಬಂದಾಗ ಕರೆಂಟು ಹೋಯಿತು. ವೆಂಕೋಬ ಹಾಳೆಯನ್ನು ಜಗ್ಗಿ ತೆಗೆದ. ಹೊಳಿಯಪ್ಪ ಪೆನ್ನು ತೆರೆದು, ಉಳಿದ ನಾಲ್ಕು ಸಾಲನ್ನು ಓಡುತ್ತಲೇ ಬರೆದ. ಆ ನಾಲ್ಕು ಸಾಲು ಮಾತ್ರ ಅವನ ಜೀವಮಾನದಲ್ಲಿ ಸೊಟ್ಟಗೆ ಬಿದ್ದ ಅಕ್ಷರ.

ಓಣಿಯಲ್ಲಿ ಮುಂದೆ ಹೊಳಿಯಪ್ಪ, ಅವನ ಹಿಂದೆ ತೋಳಿನ ತುಂಬ ಪಾತ್ರ ಹೊತ್ತ ಉಡಚಮ್ಮ, ಅವಳ ಹಿಂದೆ ತನ್ನ ಪಾತ್ರವನ್ನು ಗಟ್ಟಿಯಾಗಿ ಓದುತ್ತ ಅಳುತ್ತ ಬರುತ್ತಿದ್ದ ವೆಂಕೋಬ. ಅದು ನಾಟಕದ ಅಳುವೆಂದು ಗೊತ್ತಿಲ್ಲದ ಇಬ್ಬರು ಮುದುಕಿಯರು ಯಾರು ಹೋದರಪ್ಪ ಎಂದು ಕೇಳಿ ಎದ್ದು ಅವರ ಹಿಂದೆ ನಡೆದರು.

ಶಾಲೆಯ ಪಡಸಾಲೆಯಲ್ಲಿ ಟ್ರಂಕಿನ ಬೀಗ ಆಗಲೇ ತೆರೆದಿತ್ತು. ಅಂದಪ್ಪ ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೈಗಡಿಯಾರ ನೋಡುತ್ತಿದ್ದ. ಐವತ್ತಮೂರು ವರ್ಷದ ದಪ್ಪ ಆಳು, ಕಿವಿಯತನಕ ಹೋದ ಮೀಸೆ. ಹಾರ್ಮೋನಿಯಂನವನು ಎರಡನೆಯ ಚಹಾ ಕುಡಿಯುತ್ತಿದ್ದ. ಹೊಳಿಯಪ್ಪ ಏದುಸಿರು ಬಿಡುತ್ತ ಒಂಬತ್ತು ಪಾತ್ರಗಳನ್ನು ಟ್ರಂಕಿನ ಮುಚ್ಚಳದ ಮೇಲೆ ಸಾಲಾಗಿ ಇಟ್ಟ. ಎಲ್ಲರೂ ತಮ್ಮ ತಮ್ಮದನ್ನು ಎತ್ತಿಕೊಂಡರು. ಅಚ್ಚಿನ ಹಾಗಿದೆ, ಅಕ್ಷರ ಎಷ್ಟು ಚೆಂದ ಎಂದು ನಾಲ್ಕಾರು ಜನ ಹೇಳಿದರು.

ಅಂದಪ್ಪ ತನ್ನ ನಾಯಕನ ಪಾತ್ರವನ್ನು ತೆರೆದು ಓದಲಿಲ್ಲ. ಅಂಗೈಯಲ್ಲಿ ಇಟ್ಟು ತೂಗಿದ. ಆಮೇಲೆ ವೆಂಕೋಬನ ಕೈಯಿಂದ ಸೊಸೆಯ ಪಾತ್ರ ಕಸಿದು ಇನ್ನೊಂದು ಅಂಗೈಯಲ್ಲಿ ಇಟ್ಟ. ಆ ಕೈ ಕೆಳಗೆ ಹೋಯಿತು. ನಾಯಕನದು ಹದಿನಾಲ್ಕು ಹಾಳೆ, ಸೊಸೆಯದು ಮೂವತ್ತೊಂದು. ಶನಿವಾರ ಅಳುವನ್ನು ಅಷ್ಟುದ್ದ ಮಾಡಬಾರದಿತ್ತು. ಇನ್ನು ಈತ ಟ್ರಂಕಿಗೆ ಕೈ ಹಾಕುತ್ತಾನೆ ಎಂದುಕೊಂಡ ಹೊಳಿಯಪ್ಪ.

"ಸೊಸಿ ಪಾತ್ರ ನಾ ಮಾಡ್ತೀನಿ," ಎಂದ ಅಂದಪ್ಪ.

ವೆಂಕೋಬ, ಅದು ಹೆಂಗ ಅಕ್ಕೈತ್ರಿ, ಓಣಿ ತುಂಬ ಅತ್ತು ಬಂದೀನಿ ಎಂದು ಗೊಣಗಿದ. ಅಂದಪ್ಪ ಹದಿನಾಲ್ಕು ಹಾಳೆಯನ್ನು ಅವನ ಎದೆಗೆ ಒತ್ತಿ, ಇನ್ನು ಮೇಲೆ ನೀನೇ ನಾಯಕ, ಬಾಯಿ ಮುಚ್ಚು ಎಂದ. ವೆಂಕೋಬ ಬಾಯಿ ಮುಚ್ಚಿದ, ಸ್ವಲ್ಪ ಹೊತ್ತಿನ ಮೇಲೆ ಎದೆ ಉಬ್ಬಿಸಿದ.

ತನ್ನ ನಾಟಕವನ್ನೇ ಆಡುತ್ತಾರೆ ಎಂಬುದು ತಲೆಗೆ ಇಳಿಯುವ ಮೊದಲೇ ಹೊಳಿಯಪ್ಪನೊಳಗಿನ ಮಾಸ್ತರ ಮಾತಾಡಿದ. "ಮೀಸಿ?"

ಅಂದಪ್ಪ ಮೀಸೆಯ ಎರಡೂ ತುದಿಯನ್ನು ಬೆರಳಲ್ಲಿ ಹಿಡಿದು ಎಲ್ಲರನ್ನೂ ಒಮ್ಮೆ ನೋಡಿದ. ಲಗ್ನವಾದಾಗ ಬಿಟ್ಟದ್ದು ಅದು. "ಇವತ್ತs ತಗಸ್ತೀನಿ," ಎಂದು ಎದ್ದ.

ಕಟಿಂಗ್ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ. ಸಂಘಕ್ಕೆ ಸಂಘವೇ ಎದ್ದು ಹಿಂದೆ ಹೋಯಿತು, ಹಾರ್ಮೋನಿಯಂನವನು ಪೆಟ್ಟಿಗೆ ಹೆಗಲ ಮೇಲೆ ಹೊತ್ತು ಹೋದ. ಅಂದಪ್ಪ ಕುರ್ಚಿಯಲ್ಲಿ ಕುಳಿತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು, ಮೂವತ್ತೊಂದು ಹಾಳೆಯನ್ನು ತೊಡೆಯ ಮೇಲೆ ಹರಡಿದ. ಹೊಳಿಯಪ್ಪ ಎದುರಿನ ಬೆಂಚಿನ ಮೇಲೆ ಕುಳಿತು, ಅತ್ತೆ ಆಡಿ ಮುಗಿಸುವ ಕೊನೆಯ ಎರಡು ಶಬ್ದವನ್ನು ಕೊಟ್ಟ. ಸಾಬೂನಿನ ನೊರೆಯೊಳಗಿಂದ ದಪ್ಪ ಗಂಡಸಿನ ಧ್ವನಿಯೊಂದು ಮೆಲ್ಲಗೆ ಸಣ್ಣದಾಗುತ್ತ ಅತ್ತೆಯ ಕಾಲು ಹಿಡಿಯತೊಡಗಿತು. ಕತ್ತರಿಯವನು ಆ ಮಾತು ಮುಗಿಯಲಿ ಎಂದು ಕೈ ತಡೆದು ನಿಂತ.